ಕೈಗೆ ತಕ್ಕ ಕಾವು

ಟಕ್, ಟಕ್, ಟಕ್. ಸಾದಲಿಯ ರಾಗಿ ಮಿಲ್ಲಿನ ಬೆಲ್ಟು ಹಿಂದೊಮ್ಮೆ ಕಿತ್ತುಹೋಗಿ, ಅದನ್ನು ಕೊಕ್ಕೆ ಹಾಕಿ ಕೂಡಿಸಿದ್ದಾರೆ. ಆ ಕೂಡಿಸಿದ ಜಾಗ ಚಕ್ರದ ಮೇಲೆ ಹಾಯ್ದಾಗಲೆಲ್ಲ ಈ ಸದ್ದು. ಮಿಲ್ಲಿನ ಗೋಡೆಗೆ ಒತ್ತಿಕೊಂಡಂತೆಯೇ ಸಂಘಮಿತ್ರಳ ಮನೆ. ಜಗಲಿಯ ಮೇಲೆ ಕೂತು ಮರಕ್ಕೆ ಅರ ಹಾಕಿ ಉಜ್ಜುವಾಗ ಅವಳ ಕೈ ತಾನಾಗಿಯೇ ಆ ಸದ್ದಿಗೆ ಹೊಂದಿಕೊಳ್ಳುತ್ತದೆ. ಒಂದು ಟಕ್ಕಿಗೆ ಅರ ಮುಂದಕ್ಕೆ, ಇನ್ನೊಂದಕ್ಕೆ ಹಿಂದಕ್ಕೆ. ಕರೆಂಟು ಹೋದರೆ ಮಿಲ್ಲು ನಿಲ್ಲುತ್ತದೆ, ಅವಳ ಕೈಯೂ ಒಂದು ಗಳಿಗೆ ದಾರಿ ತಪ್ಪಿದಂತೆ ತಡವರಿಸುತ್ತದೆ.

ಹದ ಹಾಕಿದ ಗಟ್ಟಿ ಉಕ್ಕಿನ ಅಲಗುಗಳಿಗೆ ಹಿಡಿ ಕೂಡಿಸುವುದು ಅವಳ ಕೆಲಸ. ಹಿಡಿಗೆ ಈ ಸೀಮೆಯಲ್ಲಿ ಕಾವು ಎನ್ನುತ್ತಾರೆ. ಅಲಗನ್ನು ಅವಳು ಮಾಡುವುದಿಲ್ಲ, ಮಡಿಸುವ ಚಾಕುವನ್ನು ಮುಟ್ಟುವುದೂ ಇಲ್ಲ. ಯಾರದೋ ಮನೆಯಲ್ಲಿ ಕಾವು ಸವೆದು, ಬಟ್ಟೆ ಸುತ್ತಿಸಿಕೊಂಡು, ಮೂಲೆ ಸೇರಿದ ಒಳ್ಳೆಯ ಚಾಕುವೊಂದು ಇದ್ದೇ ಇರುತ್ತದೆ. ಅದಕ್ಕೆ ಆ ಮನೆಯವರ ಕೈಯ ಅಳತೆ ತೆಗೆದು ಹೊಸ ಕಾವು ಹಾಕಿಕೊಡುತ್ತಾಳೆ. ಚಿಂತಾಮಣಿ ಕಡೆಯಿಂದ ಹೂಕೋಸು ಕೊಯ್ಯುವವರು ಬರುತ್ತಾರೆ, ಚಿಕ್ಕಬಳ್ಳಾಪುರದಿಂದ ದ್ರಾಕ್ಷಿ ಬಳ್ಳಿ ಸವರುವವರು ಬರುತ್ತಾರೆ. ಕಳವಾರದಲ್ಲಿ ಬೆಟ್ಟ ಹತ್ತುವವರಿಗೆ ದಾರಿ ತೋರಿಸುವ ಒಬ್ಬರು ಎಡಗೈಯವರು. ತಮ್ಮ ಕೈಗೆ ಅಂತಲೇ ಮಾಡಿದ ವಸ್ತು ಜನ್ಮದಲ್ಲಿ ಇದೊಂದೇ ಎಂದು ಹೇಳಿ ಹೋಗಿದ್ದರು.

ಅಳತೆಗೆ ಅವಳ ಬಳಿ ಟೇಪಿಲ್ಲ. ಬಿಸಿ ಆರಿದ ರಾಗಿ ಮುದ್ದೆಯನ್ನು ಉದ್ದಕ್ಕೆ ಉರುಳಿಸಿ ಬಂದವರ ಕೈಗೆ ಕೊಡುತ್ತಾಳೆ. ಚಾಕು ಹಿಡಿಯುವ ಹಾಗೆ ಹಿಡಿದು ಬಿಡಿ ಎನ್ನುತ್ತಾಳೆ. ಬಿಟ್ಟಾಗ ಅಂಗೈಯೂ ನಾಲ್ಕು ಬೆರಳೂ ಮುದ್ದೆಯ ಮೇಲೆ ಅಚ್ಚೊತ್ತಿರುತ್ತವೆ. ಯಾರ ತೋರುಬೆರಳು ದುಡಿಯುತ್ತದೆ, ಯಾರ ಕಿರುಬೆರಳು ಸುಮ್ಮನೆ ಜೊತೆಗೆ ಬಂದಿದೆ ಎಂಬುದೆಲ್ಲ ಅದರಲ್ಲಿರುತ್ತದೆ. ಅದನ್ನು ಎದುರಿಗಿಟ್ಟುಕೊಂಡು ಮರ ತೀಡುತ್ತಾಳೆ. ಕೆಲಸ ಮುಗಿದ ಮೇಲೆ ಮುದ್ದೆ ಕೋಳಿಗಳ ಪಾಲು. ತಾಯಿ ಗಂಗುಲಮ್ಮ ಮೊದಮೊದಲು, ತಿನ್ನೋ ಮುದ್ದೇನ ಊರೋರ ಕೈಲೆಲ್ಲ ಹಿಸುಕಿಸ್ತೀಯಲ್ಲೇ ಎಂದು ಗೊಣಗಿದ್ದಳು. ಈಗ ಅವಳೇ ಗಟ್ಟಿಯಾಗಿ ತೊಳಸಿ ಕೊಡುತ್ತಾಳೆ. ಬೇರೆಯವರ ಮನೆ ಮುದ್ದೆಯಲ್ಲಿ ಬೆರಳು ಮೂಡಲ್ಲ ಎಂಬ ಜಂಬವೂ ಬಂದಿದೆ.

ಸಂಘಮಿತ್ರ ಚಿಂತಾಮಣಿಯಲ್ಲಿ ಐಟಿಐ ಓದಿದವಳು. ಫಿಟ್ಟರ್ ತರಗತಿಯಲ್ಲಿ ಅವಳೊಬ್ಬಳೇ ಹುಡುಗಿ. ಆಮೇಲೆ ನಾಲ್ಕು ವರ್ಷ ಗೌರಿಬಿದನೂರಿನ ಆಚೆ ಒಂದು ಕಾರ್ಖಾನೆಯಲ್ಲಿ, ಉಕ್ಕಿಗೆ ಹದ ಹಾಕುವ ಒಲೆಯ ಪಕ್ಕದಲ್ಲೇ ಕೆಲಸ ಮಾಡಿದಳು. ಕೆಂಪಗೆ ಕಾದ ಉಕ್ಕನ್ನು ಎಣ್ಣೆಗೆ ಇಳಿಸಿದರೆ ಅದು ಗಾಜಿನಷ್ಟು ಗಟ್ಟಿಯಾಗುತ್ತದೆ. ಅಳತೆಯ ಬಿಸಿ ಕೊಟ್ಟು ಅದನ್ನು ಪಳಗಿಸಬೇಕು. ಹಾಗೆ ಪಳಗಿದ ಮೇಲೆ ಮತ್ತೆ ಬೆಂಕಿ ತಾಗಕೂಡದು. ತಾಗಿದರೆ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ಆಮೇಲೆ ನವಿಲಿನ ಕೊರಳಿನಂಥ ನೀಲಿ. ನೋಡಲು ಅಷ್ಟು ಚೆಂದದ ಬಣ್ಣ ಇನ್ನೊಂದಿಲ್ಲ. ಆದರೆ ನೀಲಿಗೆ ತಿರುಗಿತೆಂದರೆ ಹದ ಇಳಿಯಿತು, ಇನ್ನು ಅದು ಹರಿತ ಹಿಡಿಯುವುದಿಲ್ಲ ಎಂದೇ ಅರ್ಥ.

ಒಂದು ತಿಂಗಳು ರಜೆಯೆಂದು ಊರಿಗೆ ಬಂದವಳು ತಾಯಿಯ ಸೊಪ್ಪಿನ ಚಾಕುವಿಗೆ ಹುಣಸೆ ಮರದ ಕಾವು ಹಾಕಿದಳು. ಅದನ್ನು ನೋಡಿದ ಪಕ್ಕದ ಮನೆಯಾಕೆ ತನ್ನ ಚಾಕು ತಂದಳು. ಪಕ್ಕದ ಮನೆಯಾಕೆಯದನ್ನು ನೋಡಿ ಎದುರು ಮನೆಯವರು ತಂದರು. ಆ ರಜೆ ಇನ್ನೂ ಮುಗಿದಿಲ್ಲ. ತಂದೆ ಚೆನ್ನರಾಯಪ್ಪ ಊರಿಗೆ ನೀರು ಬಿಡುವ ನೀರುಗಂಟಿಯಾಗಿ ದುಡಿದು ನಿವೃತ್ತನಾದವನು, ಕೋಲಾರದಲ್ಲಿ ಒಂದು ಭಾಷಣ ಕೇಳಿ ಬಂದು ಮಗಳಿಗೆ ಈ ಹೆಸರಿಟ್ಟವನು. ಕಾರ್ಖಾನೆ ಬಿಟ್ಟಿದ್ದಕ್ಕೆ ಅವನು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಎಲ್ಲಿಂದಲೋ ನಾಲ್ಕು ವರ್ಷ ಒಣಗಿದ ಹುಣಸೆ ದಿಮ್ಮಿಯನ್ನು ಹೊತ್ತು ತಂದು ಜಗಲಿಯ ಕೆಳಗಿಟ್ಟ. ಆ ವಿಷಯ ಅಲ್ಲಿಗೆ ಮುಗಿಯಿತು.

ಕದಿರಮ್ಮನ ಚಾಕು ಈ ಜಗಲಿಗೆ ಬಂದದ್ದು ಹೋದ ಕಾರ್ತೀಕದಲ್ಲಿ.

ಸಾದಲಿಯಿಂದ ಎರಡು ಮೈಲಿ ದೂರದ ಹಳ್ಳಿಯಲ್ಲಿ ಕದಿರಮ್ಮನ ಮನೆತನದವರದು ಹಳೆಯ ಜಮೀನು. ಆಕೆ ಆ ಮನೆಗೆ ಸೊಸೆಯಾಗಿ ಬಂದು ನಲವತ್ತು ವರ್ಷವಾಯಿತು. ಅಂದಿನಿಂದ ಮನೆಯ ಚಾಕಿ ಆಕೆಯ ಕೈಯಲ್ಲೇ ಇದೆ. ಮೊಟ್ಟೆಯೊಡೆದ ರೇಷ್ಮೆ ಹುಳುವನ್ನು ಎರಡನೆಯ ಜ್ವರದವರೆಗೆ ಸಾಕುವುದಕ್ಕೆ ಚಾಕಿ ಎನ್ನುತ್ತಾರೆ. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು ತಲೆಯೆತ್ತಿ ಮಲಗಿ ಪೊರೆ ಕಳಚುವ ಹೊತ್ತು. ಅಷ್ಟು ದಿನ ಅದಕ್ಕೆ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸಬೇಕು. ಮೊಂಡು ಚಾಕುವಾದರೆ ಸೊಪ್ಪಿನ ಅಂಚು ಜಜ್ಜಿ, ಗಳಿಗೆಯಲ್ಲಿ ಬಾಡುತ್ತದೆ. ಹುಳು ಮೂತಿ ತಿರುಗಿಸುತ್ತದೆ. ಆಕೆಯ ಅಣ್ಣ ಬಯ್ಯಪ್ಪ ಮರದ ಮಿಲ್ಲಿನಲ್ಲಿದ್ದವನು. ಮರ ಹೆರೆಯುವ ಯಂತ್ರದ ಹಳೆಯ ಬ್ಲೇಡಿನಿಂದ ಒಂದು ಚಾಕು ಮಾಡಿಸಿ ತಂಗಿಗೆ ಕೊಟ್ಟಿದ್ದ. ಆ ಚಾಕುವಿನಲ್ಲಿ ಹೆಚ್ಚಿದ ಸೊಪ್ಪು ಮೂರು ಗಂಟೆ ಹಸಿರಾಗಿರುತ್ತಿತ್ತು.

ಎರಡು ವರ್ಷದ ಹಿಂದೆ ಚಿಕುನ್‌ಗುನ್ಯಾ ಬಂದು ಹೋಯಿತು. ಜ್ವರ ಬಿಟ್ಟರೂ ಬೆರಳ ಗಂಟುಗಳು ಬಿಡಲಿಲ್ಲ. ಕದಿರಮ್ಮನ ಬಲಗೈ ಪೂರ್ತಿ ಮುಷ್ಟಿ ಕಟ್ಟುವುದಿಲ್ಲ. ಹಳೆಯ ಸಣ್ಣ ಕಾವು ಆ ಕೈಯಲ್ಲಿ ಹೊರಳಿಬಿಡುತ್ತದೆ. ಕಳೆದ ಬೆಳೆಯಲ್ಲಿ ಚಾಕು ಜಾರಿ ಎಡಗೈ ಹೆಬ್ಬೆರಳು ಕೊಯ್ದುಕೊಂಡಳು. ಸೊಸೆ ಮಾಲಾ ಶಿಡ್ಲಘಟ್ಟದ ಒಂದು ಕಚೇರಿಯಲ್ಲಿ ಕೆಲಸದಲ್ಲಿದ್ದಾಳೆ; ಗಾಯಕ್ಕೆ ಪಟ್ಟಿ ಕಟ್ಟುತ್ತ, ಇನ್ನು ಸಾಕು ಅತ್ತೆ, ಚಾಕಿ ಕೇಂದ್ರದಲ್ಲಿ ಎರಡು ಜ್ವರ ದಾಟಿಸಿದ ಹುಳುವೇ ಸಿಗುತ್ತೆ, ತರೋಣ ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಊರಲ್ಲಿ ಮುಕ್ಕಾಲು ಪಾಲು ಜನ ಹಾಗೇ ಮಾಡುತ್ತಾರೆ. ಕದಿರಮ್ಮ ಒಂದೇ ಒಂದು ಬೆಳೆ ಕೇಳಿದಳು. ಈ ಸಲ ತನ್ನ ಕೈಯಲ್ಲಿ ಸೊಪ್ಪು ಹೆಚ್ಚಲು ಆಗದಿದ್ದರೆ ಮುಂದಿನ ಸಲದಿಂದ ಕೇಂದ್ರದ ಹುಳು. ಮೊಟ್ಟೆ ತಂದಿಟ್ಟಾಗಿತ್ತು. ಶುಕ್ರವಾರ ಬೆಳಿಗ್ಗೆ ಒಡೆಯಬೇಕು.

ಸೋಮವಾರ ಸಂಜೆ ಆಕೆಯ ಗಂಡ ವೆಂಕಟರಾಮಪ್ಪ ಸಂಘಮಿತ್ರಳಿಗೆ ಫೋನು ಮಾಡಿದರು. ಅವಳು ಯಾವುದೋ ಅಂಟು ಕಲಸುತ್ತಿದ್ದಳು, ಅದು ಗಟ್ಟಿಯಾಗುವ ಮುಂಚೆ ಮಾತು ಮುಗಿಸಬೇಕಿತ್ತು. ನಾಳೆ ಬನ್ನಿ, ಹಳೇ ಕಾವು ತೆಗೆದುಬಿಟ್ಟು ತನ್ನಿ, ಟೈಮು ಉಳಿಯುತ್ತೆ ಎಂದಳು. ಅಷ್ಟೇ ಹೇಳಿದಳು.

ಮಂಗಳವಾರ ಹತ್ತು ಗಂಟೆಗೆ ಗಂಡ ಹೆಂಡತಿ ಮೊಪೆಡ್ಡಿನಲ್ಲಿ ಬಂದರು. ಕದಿರಮ್ಮ ಜಗಲಿಯ ಅಂಚಿನಲ್ಲಿ, ಕೂತೂ ಕೂರದ ಹಾಗೆ ಕೂತಳು. ಈ ಬೀದಿಗೆ ಆಕೆ ಬಂದದ್ದು ಇದೇ ಮೊದಲು, ಇಲ್ಲಿನ ಮನೆಗಳಲ್ಲಿ ಆಕೆಯ ಮನೆತನದವರು ನೀರು ಕುಡಿದವರೂ ಅಲ್ಲ. ಗಂಗುಲಮ್ಮ ತಟ್ಟೆಯಲ್ಲಿ ಮುದ್ದೆ ತಂದಿಟ್ಟಳು. ಅದನ್ನು ಯಾಕೆ ಹಿಡಿಯಬೇಕೆಂದು ಸಂಘಮಿತ್ರ ವಿವರಿಸುತ್ತಿದ್ದ ಹಾಗೆ ಕದಿರಮ್ಮನ ಕಣ್ಣು ತಟ್ಟೆಯ ಮೇಲೆ, ಆಮೇಲೆ ಗಂಡನ ಮೇಲೆ, ಮತ್ತೆ ತಟ್ಟೆಯ ಮೇಲೆ ಓಡಾಡಿತು. ಕೊನೆಗೆ ಮುದ್ದೆಯನ್ನು ಎತ್ತಿಕೊಂಡು, ಮಡಿಸಲಾಗುವಷ್ಟು ಬೆರಳು ಮಡಿಸಿ ಹಿಡಿದಳು. ಬಿಡುವಾಗ ಬೆರಳ ಸಂದಿಗೆ ಒಂದು ಚೂರು ಅಂಟಿತು. ನಲವತ್ತು ವರ್ಷ ಮುದ್ದೆ ಕಟ್ಟಿದ ಕೈ. ಅಂಟಿದ್ದನ್ನು ಏನೂ ಯೋಚಿಸದೆ ಬಾಯಿಗೆ ಹಾಕಿಕೊಂಡಿತು.

ಮಿಲ್ಲು ಟಕ್ ಟಕ್ ಎನ್ನುತ್ತಿತ್ತು.

"ಉಪ್ಪು ಹಾಕ್ತೀಯೇನಮ್ಮ ನೀನು?" ಎಂದಳು ಕದಿರಮ್ಮ, ಗಂಗುಲಮ್ಮನ ಕಡೆ ತಿರುಗಿ.

"ಒಂದು ಹರಳು ಹಾಕ್ತೀನಿ. ನಮ್ಮತ್ತೆ ಕಲಿಸಿದ್ದು."

"ನಾವು ಹಾಕಲ್ಲ. ಚೆನ್ನಾಗೇ ಅದೆ."

ಆಮೇಲೆ ಆಕೆ ಹಿಂದಕ್ಕೆ ಸರಿದು ಗೋಡೆಗೆ ಒರಗಿ ಸರಿಯಾಗಿ ಕೂತಳು.

ವೆಂಕಟರಾಮಪ್ಪ ಪೇಪರು ಬಿಚ್ಚಿ ಚಾಕುವನ್ನು ಮುಂದಿಟ್ಟರು. ಹೇಳಿದ ಕೆಲಸ ಮಾಡಿಕೊಂಡು ಬಂದ ಸಮಾಧಾನ ಅವರ ಮುಖದಲ್ಲಿತ್ತು. ಸಂಘಮಿತ್ರ ಚಾಕುವನ್ನು ಎತ್ತಿ ಬೆಳಕಿಗೆ ಹಿಡಿದಳು. ಕಾವು ಇದ್ದ ಬಾಲದಿಂದ ಹಿಡಿದು ಅಲಗಿನೊಳಕ್ಕೂ ನವಿಲಿನ ಕೊರಳು ಹರಿದಿತ್ತು.

ಹೇಗೆ ತೆಗೆದಿರಿ ಎಂದು ಕೇಳುವ ಮೊದಲೇ ಅವಳಿಗೆ ಉತ್ತರ ಗೊತ್ತಿತ್ತು. ಹಳ್ಳಿಗಳಲ್ಲಿ ಕಾವನ್ನು ಅರಗು ತುಂಬಿಸಿ ಕೂರಿಸುತ್ತಾರೆ. ಬಿಡಿಸಬೇಕಾದರೆ ಬೆಂಕಿಯ ಮೇಲೆ ಹಿಡಿದು ಅರಗು ಕರಗಿಸಬೇಕು. ಕುಡುಗೋಲು ಮಚ್ಚುಗಳಿಗೆಲ್ಲ ತಲೆತಲಾಂತರದಿಂದ ನಡೆದುಬಂದ ರೀತಿ ಅದು, ಅವಕ್ಕೆ ಏನೂ ಆಗುವುದೂ ಇಲ್ಲ.

"ಗ್ಯಾಸ್ ಮೇಲೆ ಹಿಡಿದೆ," ಎಂದರು ವೆಂಕಟರಾಮಪ್ಪ. "ಕಾವು ತೆಗಿ ಅಂದ್ಯಲ್ಲಮ್ಮ. ಕಾವು ತೆಗೀಬೇಕಾದ್ರೆ ಕಾವು ಕೊಡಲೇಬೇಕು."

ಸಂಘಮಿತ್ರ ಚಾಕುವನ್ನು ಮಡಿಲಲ್ಲಿಟ್ಟುಕೊಂಡಳು. ಏನೂ ಹೇಳದೆ ಹೊಸ ಕಾವು ಹಾಕಿಕೊಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಶುಕ್ರವಾರದವರೆಗೆ. ಶುಕ್ರವಾರ ಸೊಪ್ಪು ಜಜ್ಜುತ್ತಿತ್ತು, ಎಲ್ಲರೂ ಕದಿರಮ್ಮನ ಕೈಯನ್ನೇ ದೂರುತ್ತಿದ್ದರು. ಕದಿರಮ್ಮನೂ ದೂರುತ್ತಿದ್ದಳು. ಮೂಲೆಯಲ್ಲಿ ಬೀಡಿ ಹಚ್ಚದೆ ಬೆರಳಲ್ಲೇ ಹಿಡಿದು ಕೂತಿದ್ದ ಚೆನ್ನರಾಯಪ್ಪ ಮಗಳ ಮುಖ ನೋಡುತ್ತಿದ್ದ.

"ಹದ ಇಳಿದೈತೆ ಅಮ್ಮ," ಎಂದಳು ಸಂಘಮಿತ್ರ ಕದಿರಮ್ಮನಿಗೆ. "ಬೆಂಕಿ ತೋರಿಸಬೇಡಿ ಅಂತ ನಾನು ಫೋನಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ತಪ್ಪು ನಂದು."

ಕೋಪ ಬಂದರೆ ಕದಿರಮ್ಮನಿಗೆ ತವರಿನ ತೆಲುಗೇ ಬರುವುದು. ಗಂಡನನ್ನು ಒಂದು ನಿಮಿಷ ತೆಲುಗಿನಲ್ಲಿ ವಿಚಾರಿಸಿಕೊಂಡಳು. ಅವರು ಟವೆಲ್ಲಿನಿಂದ ಕತ್ತು ಒರೆಸಿಕೊಂಡರು. ಆಮೇಲೆ ಆಕೆ ಚಾಕುವನ್ನು ಇಸಿದುಕೊಂಡು ನೀಲಿಯ ಮೇಲೆ ಹೆಬ್ಬೆರಳು ಆಡಿಸಿದಳು.

"ಮೊಟ್ಟೆ ನೀಲಿಗೆ ತಿರುಗಿದ್ರೆ ನಾವು ಸಂತೋಷ ಪಡ್ತೀವಿ, ನಾಳೆ ಹುಳ ಬತ್ತದೆ ಅಂತ. ಉಕ್ಕು ತಿರುಗಿದ್ರೆ ಕೆಟ್ಟದ್ದಾ?"

ಸಂಘಮಿತ್ರ ಎದ್ದು ಒಳಗೆ ಹೋದಳು. ಅರ ತಂದಳು. ಚಾಕುವನ್ನು ಕದಿರಮ್ಮನ ಕೈಯಿಂದ ತೆಗೆದುಕೊಂಡು, ತುದಿಯ ಹತ್ತಿರ ಅಂಚಿನ ಮೇಲೆ ಅರವನ್ನು ಹಗುರವಾಗಿ ಎಳೆದಳು. ಅರ ಜಾರಿತು, ಗಾಜಿನ ಮೇಲೆ ಉಗುರು ಜಾರಿದ ಹಾಗೆ. ಹದ ಇದ್ದಲ್ಲಿ ಅರ ಕಚ್ಚುವುದಿಲ್ಲ. ಒಂದು ಬೆರಳು ಹಿಂದೆ ಬಂದು ಎಳೆದಳು, ಜಾರಿತು. ಇನ್ನೊಂದು ಬೆರಳು ಹಿಂದೆ, ಜಾರಿತು. ಎಲ್ಲರೂ ಬಗ್ಗಿ ನೋಡುತ್ತಿದ್ದರು. ಬಾಲಕ್ಕೆ ಇನ್ನು ಮೂರು ಬೆರಳಿದೆ ಎನ್ನುವಾಗ ಅರ ಕಚ್ಚಿತು, ಸಣ್ಣ ಬೆಳ್ಳಿ ಪುಡಿ ಉದುರಿತು. ಅಲ್ಲಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಳು. ಗೆರೆಯ ಈಚೆಗೆ ಹದ ಹೋಗಿದೆ, ಆಚೆಗೆ ಪೂರ್ತಿ ಉಳಿದಿದೆ.

ಗೆರೆಯನ್ನೂ ತಟ್ಟೆಯ ಮೇಲಿದ್ದ ಮುದ್ದೆಯನ್ನೂ ಅವಳು ಮತ್ತೆ ಮತ್ತೆ ನೋಡಿದಳು. ಕದಿರಮ್ಮನ ಬೆರಳುಗಳ ಅಚ್ಚು ಎಲ್ಲರದರ ಹಾಗೆ ಆಳವಾಗಿರಲಿಲ್ಲ, ಅಗಲವಾಗಿತ್ತು. ಆ ಕೈಗೆ ಬೇಕಾದದ್ದು ದಪ್ಪ ಕಾವು, ಉದ್ದ ಕಾವು. ದಪ್ಪ ಕಾವಿಗೆ ಒಳಗೆ ಅಗಲದ ಉಕ್ಕು ಬೇಕು. ಹಳೆಯ ಬಾಲ ಅದಕ್ಕೆ ತೀರ ಸಣ್ಣದು. ಹಾಗಾದರೆ ಹದ ಹೋದ ಆ ಮೂರು ಬೆರಳಿನಷ್ಟು ಅಲಗನ್ನೂ ಕಾವಿನೊಳಗೇ ಸೇರಿಸಿಬಿಟ್ಟರೆ? ಕಾವಿನೊಳಗಿರುವ ಉಕ್ಕು ಏನನ್ನೂ ಕೊಯ್ಯಬೇಕಿಲ್ಲ. ಮೆತ್ತಗಿದ್ದರೆ ಇನ್ನೂ ವಾಸಿ, ಮುರಿಯುವುದಿಲ್ಲ, ತೂತು ಕೊರೆಯುವುದೂ ಸುಲಭ.

ಹೇಳಲು ಅವಳಿಗೆ ಅಳುಕಾಯಿತು. ಅಣ್ಣ ಕೊಟ್ಟ ಚಾಕು ಮೂರು ಬೆರಳು ಗಿಡ್ಡವಾಗುತ್ತದೆ ಎಂಬ ಮಾತನ್ನು ಆಕೆ ಹೇಗೆ ತೆಗೆದುಕೊಳ್ಳುತ್ತಾಳೋ. ಆದರೂ ಹೇಳಿದಳು. ಅಲಗು ಕಮ್ಮಿಯಾಗುತ್ತೆ, ಕೈ ಮುಂದಕ್ಕೆ ಬರುತ್ತೆ, ಒಂದು ಏಟಿಗೆ ಹೆಚ್ಚುವ ಸೊಪ್ಪು ಸ್ವಲ್ಪ ಕಡಿಮೆಯಾಗಬಹುದು, ಆದರೆ ಉಳಿದ ಅಲಗು ಮೊದಲಿನಷ್ಟೇ ಹರಿತ ಎಂದಳು.

ಕದಿರಮ್ಮ ಸೀಮೆಸುಣ್ಣದ ಗೆರೆಯ ಆಚೆ ಉಳಿದ ಅಲಗನ್ನು ಬೆರಳಿಟ್ಟು ಅಳೆದಳು.

"ಕುಳ್ಳಗಾದ್ರೆ ಆಗ್ಲಿ ಬಿಡು ಸಂಗಮ್ಮ," ಎಂದಳು, ಸಂಘಮಿತ್ರಳ ಹೆಸರನ್ನು ತನ್ನ ಬಾಯಿಗೆ ಒಗ್ಗಿಸಿಕೊಂಡು. "ನಾನೂ ಕುಳ್ಳೀನೇ. ನಲವತ್ತು ವರ್ಷದಿಂದ ಇವರೇನು ವಾಪಸ್ ಕಳಿಸಿದ್ರಾ?"

ವೆಂಕಟರಾಮಪ್ಪ ಟವೆಲ್ಲಿನ ಹಿಂದೆ ನಕ್ಕರು. ಹೋಗುವ ಮುಂಚೆ, ಕಾವಿಗೆ ಆಗುತ್ತದೆಂದು ತಮ್ಮ ತೋಟದಲ್ಲಿ ಕಡಿದ ಹಿಪ್ಪುನೇರಳೆಯ ತುಂಡೊಂದನ್ನು ಮೊಪೆಡ್ಡಿನಿಂದ ಇಳಿಸಿದರು. ಹಸಿ ಮರ, ಒಣಗಿದರೆ ಸೀಳುತ್ತೆ, ಎರಡು ವರ್ಷ ನೆರಳಿನಲ್ಲಿ ಇಟ್ಟಿರಿ ಎಂದು ಸಂಘಮಿತ್ರ ಹಿಂದಕ್ಕೆ ಕಳಿಸಿದಳು.

ಬುಧವಾರ ಮತ್ತು ಗುರುವಾರ ಅವಳು ಬೇರೆ ಯಾವ ಚಾಕುವನ್ನೂ ಮುಟ್ಟಲಿಲ್ಲ. ಮೊದಲು ಹದ ಹೋದ ಭಾಗದ ಕೆಳಗಿನ ಅಂಚನ್ನು ಗ್ರೈಂಡರಿಗೆ ಹಿಡಿದು ಮೇಲಕ್ಕೆ ಸವೆಸಿದಳು. ಹಾಗೆ ಮಾಡದಿದ್ದರೆ ಹೆಚ್ಚುವಾಗ ಬೆರಳ ಗಂಟು ಹಲಗೆಗೆ ಬಡಿಯುತ್ತದೆ. ಎರಡು ಎಣಿಸುವಷ್ಟು ಹೊತ್ತು ಗ್ರೈಂಡರು, ಆಮೇಲೆ ಬಕೆಟ್ಟಿನ ನೀರು. ಮತ್ತೆ ಎರಡು, ಮತ್ತೆ ನೀರು. ಗೆರೆಯ ಆಚೆ ಒದ್ದೆ ಬಟ್ಟೆ ಸುತ್ತಿದ್ದಳು. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಮತ್ತೊಮ್ಮೆ ಆ ಉಕ್ಕಿಗೆ ತಾಗಲು ಅವಳು ಬಿಡಲಿಲ್ಲ. ಮೂರು ತೂತು ಕೊರೆದಳು. ಹುಣಸೆ ದಿಮ್ಮಿಯ ಒಳಗಿನ ಕಪ್ಪು ತಿರುಳಿನಿಂದ ಎರಡು ಹೋಳು ತೆಗೆದು, ಉಕ್ಕನ್ನು ನಡುವೆ ಇಟ್ಟು, ಅಂಟು ಹಚ್ಚಿ, ಹಿತ್ತಾಳೆ ಕಡ್ಡಿ ತೂರಿಸಿ ತಲೆ ಬಡಿದಳು. ಬಿಗಿದಿಟ್ಟು ರಾತ್ರಿ ಒಣಗಲು ಬಿಟ್ಟಳು.

ಗುರುವಾರ ಪೂರ್ತಿ ತೀಡುವುದರಲ್ಲೇ ಹೋಯಿತು. ಮುದ್ದೆ ಆರಿ ಬಿರುಕು ಬಿಟ್ಟಿತ್ತು, ಆದರೂ ಬೆರಳುಗಳು ಅಲ್ಲೇ ಇದ್ದವು. ತೋರುಬೆರಳಿಗೆ ಒಂದು ತಗ್ಗು, ಉಂಗುರದ ಬೆರಳಿಗೆ ಒಂದು ಆನಿಕೆ. ಕಿರುಬೆರಳು ಏನನ್ನೂ ಹಿಡಿಯದೆ ಹೊರಗೇ ನಿಂತಿತ್ತು. ಅದಕ್ಕೆ ಸುಮ್ಮನೆ ಕೂರಲು ಹಿಂದುಗಡೆ ಒಂದು ಜಾಗ ಮಾಡಿದಳು. ತನ್ನ ಕೈಯಲ್ಲಿ ಹಿಡಿದು ನೋಡಿದಾಗ ಕಾವು ಎಲ್ಲಿಯೂ ಹೊಂದಲಿಲ್ಲ. ಅವಳಿಗೆ ಖುಷಿಯಾಯಿತು. ತನ್ನ ಕೈಗೆ ಸರಿಹೋಗದಿದ್ದರೇ ಅದು ಸರಿಯಾಗಿದೆ ಎಂದು ಲೆಕ್ಕ. ಕೊನೆಗೆ ಅಗಸೆ ಎಣ್ಣೆ ಉಜ್ಜಿದಳು. ಮರ ಎಣ್ಣೆ ಕುಡಿದು ಹುರಿದ ಕಾಫಿ ಬೀಜದ ಬಣ್ಣಕ್ಕೆ ತಿರುಗಿತು.

ಶುಕ್ರವಾರ ಬೆಳಿಗ್ಗೆ ಚಾಕುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಡೆದೇ ಹೋದಳು. ಅವರೆ ಹೂಬಿಟ್ಟ ಹೊಲಗಳ ನಡುವೆ ದಾರಿ. ಕದಿರಮ್ಮನ ಮನೆ ಮುಂದೆ ಎಳೆ ಸೊಪ್ಪು ಒದ್ದೆ ಗೋಣಿಚೀಲದ ಕೆಳಗೆ ಕಾಯುತ್ತಿತ್ತು. ಮಾಲಾ ಕಚೇರಿಗೆ ಹೊರಟು ನಿಂತವಳು ಚೀಲ ಹೆಗಲಲ್ಲಿಟ್ಟುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಮೊಟ್ಟೆಗಳು ಬೆಳಗಿನ ಬೆಳಕಿಗೆ ಒಡೆದಿದ್ದವು, ಮೇವು ಕೊಡುವ ಹೊತ್ತಾಗಿತ್ತು.

ಕದಿರಮ್ಮ ಹಲಗೆಯ ಮುಂದೆ ಕೂತು ಚಾಕುವನ್ನು ಎತ್ತಿಕೊಂಡಳು. ಬೆರಳುಗಳು ಒಂದೊಂದಾಗಿ ತಮ್ಮ ಜಾಗ ಹುಡುಕಿಕೊಂಡವು. ಮುಷ್ಟಿ ಕಟ್ಟಬೇಕಾಗಿರಲಿಲ್ಲ, ಕೈ ಇದ್ದ ಹಾಗೆಯೇ ಕಾವು ಅದರೊಳಗೆ ಕೂತಿತ್ತು. ಎಲೆಗಳನ್ನು ಒಂದರ ಮೇಲೊಂದು ಜೋಡಿಸಿ, ಸುರುಳಿ ಸುತ್ತಿ, ಎಡಗೈಯಲ್ಲಿ ಒತ್ತಿ, ಮೊದಲ ಏಟು ಹಾಕಿದಳು. ಎರಡನೆಯದು. ಆಮೇಲೆ ಏಟುಗಳನ್ನು ಬಿಡಿಸಿ ಕೇಳಲಾಗಲಿಲ್ಲ. ಸಣ್ಣ ಹಸಿರು ಎಳೆಗಳು ಹಲಗೆಯಿಂದ ಮೊರಕ್ಕೆ ಬೀಳತೊಡಗಿದವು. ಅವನ್ನು ತಿರುಗಿಸಿಟ್ಟು ಅಡ್ಡಕ್ಕೆ ಹೆಚ್ಚಿದಳು. ವೆಂಕಟರಾಮಪ್ಪ ಒಂದು ಚೂರು ಎತ್ತಿ ಕಣ್ಣಿನ ಹತ್ತಿರ ಹಿಡಿದು, ಅಂಚು ನೋಡಿ, ಹೆಂಡತಿಗೆ ತೋರಿಸಿದರು. ಆಕೆ ನೋಡಲಿಲ್ಲ, ನಿಲ್ಲಿಸಲೂ ಇಲ್ಲ.

ಮೊರ ತುಂಬಿತು. ಕದಿರಮ್ಮ ಎದ್ದು ಹುಳುವಿನ ಕೋಣೆಯ ಬಾಗಿಲು ತೆರೆದಳು. ಆ ಕೋಣೆಗೆ ಹೊರಗಿನವರನ್ನು ಬಿಡುವುದಿಲ್ಲ. ಸಂಘಮಿತ್ರ ಅಂಗಳದಲ್ಲೇ ನಿಂತಿದ್ದಳು.

"ಏನಮ್ಮ ಅಲ್ಲೇ ನಿಂತೆ? ಚಪ್ಪಲಿ ಬಿಟ್ಟು ಸುಣ್ಣದ ಪುಡಿ ತುಳಿದು ಬಾ. ಯಾರಿಗೆ ದುಡಿದೆ ಅಂತ ನೋಡಬೇಡ್ವಾ?"

ಬಾಗಿಲಲ್ಲಿ ಹರಡಿದ್ದ ಪುಡಿಯ ಮೇಲೆ ಕಾಲಿಟ್ಟು ಅವಳು ಒಳಗೆ ಹೋದಳು. ತಟ್ಟೆಯಲ್ಲಿ ಕಪ್ಪು ದಾರದ ಚೂರುಗಳ ಹಾಗೆ ಸಾವಿರಾರು ಹುಳು. ಕದಿರಮ್ಮ ಸೊಪ್ಪನ್ನು ಅಕ್ಷತೆಯಂತೆ ಉದುರಿಸಿದಳು. ಕಪ್ಪು ಚೂರುಗಳು ತಲೆಯೆತ್ತಿ, ತಡವಿ, ಹಸಿರಿನ ಅಂಚನ್ನು ಹಿಡಿದುಕೊಂಡವು. ಇಬ್ಬರೂ ತಟ್ಟೆಯ ಮೇಲೆ ಬಗ್ಗಿ ನೋಡಿದರು. ಯಾವ ಹುಳುವೂ ಹಿಂದೆ ಸರಿಯಲಿಲ್ಲ.

ಅವರು ಹೊರಗೆ ಬರುವಾಗಲೂ ಮಾಲಾ ಬಾಗಿಲಲ್ಲೇ ಇದ್ದಳು. ಬಸ್ಸು ಆಗಲೇ ಹೋಗಿತ್ತು. ಕೇಂದ್ರದವರಿಗೆ ಮುಂದಿನ ಬೆಳೆಗೆ ಹುಳು ಬೇಡ ಅಂತ ಹೇಳಿಬಿಡ್ತೀನಿ ಎಂದು ಅತ್ತೆಗೆ ಹೇಳಿದಳು. ಕದಿರಮ್ಮ ಹೂಂ ಎಂದು ಮತ್ತೊಂದು ಹಿಡಿ ಎಲೆ ಜೋಡಿಸಲು ಕೂತಳು. ಮಾಲಾ ಹೆಗಲ ಚೀಲವನ್ನು ಕೆಳಗಿಟ್ಟು, ಸಂಘಮಿತ್ರಳನ್ನು ಪಕ್ಕಕ್ಕೆ ಕರೆದಳು.

"ನೀವು ಒಳಗಿದ್ದಾಗ ಅತ್ತೆ ಚಾಕು ಹಿಡಿದು ನೋಡಿದೆ, ನನ್ನ ಕೈಗೆ ಬರೋದೇ ಇಲ್ಲ. ನಂಗೂ ಒಂದು ಹಾಕ್ಕೊಡ್ತೀರಾ? ಭಾನುವಾರ ಅವರ ಜೊತೆ ಕೂತ್ಕೋಬೌದು."

ಸಂಘಮಿತ್ರ ಅವಳ ಬಲಗೈಯನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು. ಪೆನ್ನು ಹಿಡಿದು ಹಿಡಿದು ನಡುಬೆರಳಿನ ಪಕ್ಕ ಸಣ್ಣ ಗಂಟು ಬಂದಿತ್ತು. "ನಿಮ್ದು ಬೆರಳು ಉದ್ದ ಅಕ್ಕ, ದಪ್ಪ ಬೇಡ," ಎಂದಳು. ಹಾಗೆನ್ನುವಾಗ ಅವಳ ಕಣ್ಣು ಹೊಲದ ಬದುವಿಗೆ ಹೋಯಿತು. ಅಲ್ಲಿ ಜಾಲಿಯ ಕೊಂಬೆಯೊಂದು ಮುರಿದು ಬಿದ್ದು, ಬಿಸಿಲಿಗೆ ಬೂದಿ ಬಣ್ಣಕ್ಕೆ ಒಣಗಿತ್ತು. "ಹಿಂದ್ಗಡೆ ಒಂಚೂರು ಬಾಗಿಸಿ, ಮುಂದ್ಗಡೆ ಹೆಬ್ಬೆರಳು ಕೂರೋ ಜಾಗದಲ್ಲಿ, ನೋಡಿ, ಜಾಲಿ ಆದ್ರೆ" ಎನ್ನುತ್ತ ಮಾಲಾಳ ಕೈ ಬಿಟ್ಟು, ಚಪ್ಪಲಿಯನ್ನೂ ಮೆಟ್ಟದೆ, ಕಾಲಿಗಂಟಿದ ಸುಣ್ಣದ ಹೆಜ್ಜೆಗಳನ್ನು ಅಂಗಳದುದ್ದಕ್ಕೂ ಮೂಡಿಸುತ್ತ ಆ ಕೊಂಬೆಯ ಕಡೆಗೆ ನಡೆದುಬಿಟ್ಟಳು.